ಕಾಲೇಜಿನವರು ‘ಸಹಕಾರ ಕೊಡ್ತೇವೆ’ ಅಂದಿದ್ದಾರೆ, ಅಷ್ಟು ಸಾಕಾ?

ಪ್ರಶ್ನೆ: ಮೇಡಂ, ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮಗಳಿಗೆ 18 ವರ್ಷ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು, ಈ ವರ್ಷ ಬಿ.ಎ. ಕನ್ನಡಕ್ಕೆ ಸೇರಿದ್ದಾಳೆ. ಅವಳಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ತೊಂದರೆ ಉಂಟು. ಸರ್ಟಿಫಿಕೇಟಿನಲ್ಲಿ ಶೇ 40 ಅಂತ ಬರೆದಿದ್ದಾರೆ. ಹಗಲು ಓದ್ತಾಳೆ, ಸಂಜೆಯಾದರೆ ನಡೆಯಲಿಕ್ಕೆ ಕಷ್ಟ. ಪ್ರಿನ್ಸಿಪಾಲರು ಒಳ್ಳೆಯವರು, ‘ನಾವೆಲ್ಲ ಸಹಕಾರ ಕೊಡ್ತೇವೆ’ ಅಂದರು, ಮುಂದಿನ ಬೆಂಚಿನಲ್ಲಿ ಕೂರಿಸಿದ್ದಾರೆ. ಆದರೆ ಕ್ಲಾಸು ಮಹಡಿಯ ಮೇಲೆ. ಇಂಟರ್ನಲ್ ಪರೀಕ್ಷೆಗೆ ಹೆಚ್ಚು ಸಮಯ ಕೇಳಿದರೆ ‘ಅದು ಯೂನಿವರ್ಸಿಟಿ ಪರೀಕ್ಷೆಗೆ ಮಾತ್ರ, ಅದೂ ಪೂರ್ತಿ ಕಾಣದವರಿಗೆ’ ಅಂದರು. ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಡುವ ಸ್ಕ್ರೈಬ್ ಸಿಗುವುದಿಲ್ಲವಂತೆ. ಜೊತೆಯ ಮಕ್ಕಳು ‘ಮೊಬೈಲ್ ನೋಡ್ಲಿಕ್ಕೆ ಕಣ್ಣು ಕಾಣ್ತದೆ, ಪರೀಕ್ಷೆಗೆ ಮಾತ್ರ ಕಾಣುವುದಿಲ್ವಾ’ ಅಂತ ಹೇಳಿದರಂತೆ. ಊರಿನವರು ಕೆಲವರು ‘ಅದು ಎಂಡೋಸಲ್ಫಾನ್ ಕೇಸು’ ಅಂತಾರೆ. ದೂರು ಕೊಟ್ಟರೆ ಇಂಟರ್ನಲ್ ಮಾರ್ಕಿಗೆ ಕೈ ಹಾಕಿಯಾರು ಅಂತ ಭಯ. ಮಂಗಳೂರಿಗೆ ಸೇರಿಸುವುದಾ, ಮನೆಯಲ್ಲೇ ಕೂತು ದೂರಶಿಕ್ಷಣ ಮಾಡಿಸುವುದಾ? ಹೆಚ್ಚು ಸಮಯ ಕೇಳುವುದು ಬೇರೆ ಮಕ್ಕಳಿಗೆ ಅನ್ಯಾಯ ಆಗ್ತದಾ? ಎಂತ ಮಾಡುವುದು ಹೇಳಿ.

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಭಯ ಇದೆ. ಕೇಳದಿದ್ದರೆ ಮಗಳು ಹಿಂದೆ ಬೀಳುತ್ತಾಳೆ ಅನ್ನುವುದು ಒಂದು. ಕೇಳಿದರೆ ಅವಳ ಮೇಲೆ ಕಣ್ಣು ಬೀಳುತ್ತದೆ ಅನ್ನುವುದು ಇನ್ನೊಂದು. ಎರಡೂ ಸುಮ್ನೆ ಹುಟ್ಟಿದ ಭಯ ಅಲ್ಲ. ಗಡಿಯ ಈಚೆಗೂ ಆಚೆಗೂ ಕಾಲೇಜುಗಳಲ್ಲಿ ಇಂಥ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಿಕೊಂಡು ಬಂದವಳು ನಾನು, ಈ ಎರಡು ಭಯದ ನಡುವೆ ಸಿಕ್ಕಿ ಸುಮ್ಮನಾದ ಮನೆಗಳನ್ನು ಬಹಳ ನೋಡಿದ್ದೇನೆ. ಒಂದೊಂದಾಗಿ ಬಿಡಿಸೋಣ.

ಮೊದಲು ಕಣ್ಣಿನ ವಿಷಯ. ಜೊತೆಯ ಮಕ್ಕಳ ಮಾತಿಗೆ ಉತ್ತರ ಅಲ್ಲೇ ಇದೆ. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಮಂದ ಬೆಳಕಿನಲ್ಲಿ ನೋಡಲು ಬೇಕಾದ ಕೋಶಗಳು ಬೇರೆ, ಹಗಲು ಬೆಳಕಿನಲ್ಲಿ ಅಕ್ಷರ, ಬಣ್ಣ ಗುರುತಿಸುವ ಕೋಶಗಳು ಬೇರೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಮಂದ ಬೆಳಕಿನ ಕೋಶಗಳು. ಹಾಗಾಗಿ ಸಂಜೆ ಕಾಣುವುದಿಲ್ಲ. ಆಮೇಲೆ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತದೆ, ನಡುವಿನ ನೋಟ ಬಹಳ ಕಾಲ ಉಳಿಯಬಹುದು. ತೋಟಕ್ಕೆ ನೀರು ಹಾಯಿಸುವ ಪಿವಿಸಿ ಪೈಪಿನ ಒಂದು ತುಂಡನ್ನು ಕಣ್ಣಿಗೆ ಹಿಡಿದು ನೋಡಿ. ಎದುರಿಗಿನ ಮೊಬೈಲಿನ ಅಕ್ಷರ ಚೆನ್ನಾಗಿ ಕಾಣುತ್ತದೆ, ಕಾಲಡಿಯ ಮೆಟ್ಟಿಲು ಕಾಣುವುದಿಲ್ಲ, ಪಕ್ಕದಲ್ಲಿ ನಿಂತು ನಗುವ ಗೆಳತಿಯೂ ಕಾಣುವುದಿಲ್ಲ. ಮೊಬೈಲ್ ಓದುವ ಹುಡುಗಿ ವರಾಂಡದಲ್ಲಿ ಬಕೆಟಿಗೆ ಎಡವುವುದು ನಾಟಕ ಅಲ್ಲ, ಅದೇ ಈ ಕಾಯಿಲೆ.

ಇದು ಗೊತ್ತಿಲ್ಲದೆ ಮಾಡುವ ಒಳ್ಳೆಯತನ ಹೇಗೆ ತಪ್ಪುತ್ತದೆ ನೋಡಿ. ಮುಂದಿನ ಬೆಂಚಿನಲ್ಲಿ ಕೂರಿಸಿದ್ದಾರೆ ಅಂದಿರಿ. ನೋಟ ಕಿರಿದಾದವರಿಗೆ ಬೋರ್ಡಿನ ತೀರಾ ಹತ್ತಿರ ಕೂತರೆ ಒಂದು ಸಲಕ್ಕೆ ಎರಡು ಮೂರು ಪದ ಮಾತ್ರ ಸಿಗುತ್ತದೆ. ಎರಡು ಬೆಂಚು ಹಿಂದೆ, ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ ಕಡೆ ಕೂತರೆ ಬೋರ್ಡಿನ ಹೆಚ್ಚು ಭಾಗ ನೋಟದೊಳಗೆ ಬರಬಹುದು. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆಯೂ ಹಾಗೆಯೇ. ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿ ಜೆರಾಕ್ಸ್ ಮಾಡಿದರೆ 12 ಪಾಯಿಂಟಿನ ಅಕ್ಷರ ಸುಮಾರು 17 ಆಗುತ್ತದೆ. ಕೆಲವು ಮಕ್ಕಳಿಗೆ ಇದು ವರ. ಆದರೆ ಅಕ್ಷರ ಸ್ಪಷ್ಟವಾಗಿ ಕಂಡು, ನೋಟ ಮಾತ್ರ ಕಿರಿದಾಗಿರುವವರಿಗೆ ಹಿಗ್ಗಿಸಿದಷ್ಟೂ ಸಾಲು ಹುಡುಕುವುದೇ ಕೆಲಸ. ಅವರಿಗೆ ಬೇಕಾದದ್ದು ಗಾಢ ಕಪ್ಪು ಅಚ್ಚು, ಹೊಳಪಿಲ್ಲದ ಬಿಳಿ ಹಾಳೆ, ಒಳ್ಳೆಯ ಬೆಳಕು. ನಿಮ್ಮ ಮಗಳಿಗೆ ಯಾವುದು ಸರಿ? ಅದನ್ನು ಹೇಳಬೇಕಾದವಳು ಅವಳೇ. ಇಷ್ಟು ಉದ್ದದ ಪತ್ರದಲ್ಲಿ ಅವಳಿಗೆ ಏನು ಬೇಕು ಅಂತ ಅವಳು ಹೇಳಿದ ಒಂದು ಮಾತೂ ಇಲ್ಲ. ನಿಮ್ಮನ್ನು ದೂರುತ್ತಿಲ್ಲ, ಮನೆಯಲ್ಲಿ ಚಿಂತೆ ಜಾಸ್ತಿಯಾದಾಗ ಹೀಗಾಗುತ್ತದೆ. ಇವತ್ತು ರಾತ್ರಿ ಅವಳನ್ನು ಕೂರಿಸಿ ಕೇಳಿ. ಅವಳಿಗೆ 18 ಆಗಿದೆ, ಕಾಲೇಜಿಗೆ ಕೊಡುವ ಅರ್ಜಿಗೆ ಸಹಿ ಹಾಕಬೇಕಾದವಳೂ ಅವಳೇ.

ಎಂಡೋಸಲ್ಫಾನ್ ಕೀಟನಾಶಕದ ಮಾತು. ನಮ್ಮ ಕಡೆ ಯಾರ ಮನೆಯಲ್ಲಿ ಏನೇ ತೊಂದರೆ ಇದ್ದರೂ ಆ ಹೆಸರು ಬಂದೇ ಬರುತ್ತದೆ. ಬರುವುದರಲ್ಲಿ ಆಶ್ಚರ್ಯ ಇಲ್ಲ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಆ ವಿಷ ಸುರಿಸಿದ್ದನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಜನ ಮರೆಯುವುದು ಹೇಗೆ? ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿದ್ದು ಪರಿಹಾರದ ವಿಷಯ, ಅದರ ಪಟ್ಟಿ ಬೇರೆ, ದಾರಿ ಬೇರೆ. ರೆಟಿನೈಟಿಸ್ ಪಿಗ್ಮೆಂಟೋಸಾ ಹೆಚ್ಚಾಗಿ ವಂಶವಾಹಿಯಿಂದ ಬರುವ ಕಾಯಿಲೆ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲದೆಯೂ ಬರಬಹುದು. ಕಾಲೇಜಿನ ಮಟ್ಟಿಗೆ ಮುಖ್ಯ ವಿಷಯ ಏನೆಂದರೆ, ತೊಂದರೆ ಯಾವುದರಿಂದ ಬಂತು ಅಂತ ಕೇಳುವ ಹಕ್ಕು ಅವರಿಗಿಲ್ಲ. ಏನು ವ್ಯವಸ್ಥೆ ಬೇಕು ಅನ್ನುವುದಷ್ಟೇ ಅವರ ಕೆಲಸ.

ಈಗ ‘ಪೂರ್ತಿ ಕಾಣದವರಿಗೆ ಮಾತ್ರ’ ಅನ್ನುವ ಮಾತು. ಇದು ತಪ್ಪು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ 21 ಬಗೆಯ ತೊಂದರೆಗಳಿವೆ. ಅದರಲ್ಲಿ ಅಂಧತ್ವ ಒಂದು, ಮಂದದೃಷ್ಟಿ ಇನ್ನೊಂದು. ಕಾಯ್ದೆ ಮಂದದೃಷ್ಟಿಯನ್ನು ಅಕ್ಷರದ ಸ್ಪಷ್ಟತೆಯಿಂದ ಮಾತ್ರ ಅಳೆಯುವುದಿಲ್ಲ. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಇದ್ದರೂ ಅದು ಮಂದದೃಷ್ಟಿಯೇ. ಮೀಸಲಾತಿಯಂಥ ಸೌಲಭ್ಯಕ್ಕೆ ಶೇ 40 ಇರಬೇಕು, ನಿಮ್ಮ ಮಗಳ ಸರ್ಟಿಫಿಕೇಟಿನಲ್ಲಿ ಅಷ್ಟಿದೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ 5 ಸೀಟು ಇಂಥ ವಿದ್ಯಾರ್ಥಿಗಳಿಗೆ ಮೀಸಲು. ಆದರೆ ಪರೀಕ್ಷೆಯಲ್ಲಿ ಬೇಕಾದ ಅನುಕೂಲಕ್ಕೆ ಶೇ 40ರ ಗೆರೆಯನ್ನೂ ಕಟ್ಟುನಿಟ್ಟಾಗಿ ಹಿಡಿಯಬಾರದು ಅಂತ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲೇ ಹೇಳಿದೆ. ಬರೆಯುವಾಗ ಕೈಗೆ ಸೆಳೆತ ಬರುವ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಸ್ಕ್ರೈಬ್ ಕೊಡಬೇಕೋ ಬೇಡವೋ ಅನ್ನುವ ಪ್ರಕರಣ ಅದು. ಕೊಡಬೇಕು ಅಂತ ತೀರ್ಪು ಬಂತು.

‘ಯೂನಿವರ್ಸಿಟಿ ಪರೀಕ್ಷೆಗೆ ಮಾತ್ರ’ ಅನ್ನುವುದಕ್ಕೂ ಆಧಾರ ಇಲ್ಲ. ಕಾಯ್ದೆಯ 17ನೇ ಸೆಕ್ಷನ್ ಹೆಚ್ಚಿನ ಸಮಯ, ಸ್ಕ್ರೈಬ್ ಎರಡನ್ನೂ ಹೆಸರಿಸುತ್ತದೆ. ಇಂಟರ್ನಲ್ ಬೇರೆ, ಫೈನಲ್ ಬೇರೆ ಅಂತ ಎಲ್ಲೂ ಹೇಳುವುದಿಲ್ಲ. ಕೇರಳದಲ್ಲಿ 2024ರಿಂದ ಬಂದ ನಾಲ್ಕು ವರ್ಷದ ಪದವಿಯಲ್ಲಿ ಇಂಟರ್ನಲ್ ಅಂಕ ಫಲಿತಾಂಶಕ್ಕೆ ಸೇರುತ್ತದೆ, ಹಾಗಿರುವಾಗ ಅಲ್ಲಿ ಮಾತ್ರ ಅನುಕೂಲ ಇಲ್ಲ ಅಂದರೆ ಏನರ್ಥ? ಸಮಯದ ಲೆಕ್ಕ ಕೇಂದ್ರ ಸರ್ಕಾರದ 2018ರ ಆಗಸ್ಟಿನ ಮಾರ್ಗಸೂಚಿಯಲ್ಲಿದೆ: ಗಂಟೆಗೆ ಕನಿಷ್ಠ 20 ನಿಮಿಷ. ಒಂದು ಗಂಟೆಯ ಇಂಟರ್ನಲ್‌ಗೆ 20 ನಿಮಿಷ, ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಸ್ಕ್ರೈಬ್ ಪಡೆಯಲು ಅರ್ಹತೆ ಇದ್ದು ತಾನೇ ಬರೆಯುತ್ತೇನೆ ಅಂದವರಿಗೂ ಈ ಸಮಯ ಸಿಗಬೇಕು ಅಂತ ಅದರಲ್ಲೇ ಇದೆ.

ಇದು ಬೇರೆ ಮಕ್ಕಳಿಗೆ ಅನ್ಯಾಯವಾ? ನಿಮ್ಮ ಮಗಳು ಒಂದು ಪುಟದ ಪ್ರಶ್ನೆಪತ್ರಿಕೆ ಓದುವಾಗ ಸಾಲು ಮುಗಿದ ಮೇಲೆ ಮುಂದಿನ ಸಾಲಿನ ಶುರು ಎಲ್ಲಿ ಅಂತ ಹುಡುಕಬೇಕು. ಬರೆಯುವಾಗ ಉತ್ತರ ಪುಸ್ತಕ, ಪ್ರಶ್ನೆಪತ್ರಿಕೆ ಎರಡರ ನಡುವೆ ನೋಟ ಹೊರಳಿಸಿದಾಗಲೆಲ್ಲ ಜಾಗ ತಪ್ಪುತ್ತದೆ. ಆ 20 ನಿಮಿಷ ಹೋಗುವುದು ಈ ಹುಡುಕಾಟಕ್ಕೆ. ಓದದೆ ಬಂದರೆ ಇನ್ನೂ ಎರಡು ಗಂಟೆ ಕೊಟ್ಟರೂ ಉತ್ತರ ಬರುವುದಿಲ್ಲ ಅಲ್ವಾ? ಮಾರ್ಕು ಯಾರೂ ಕೊಡುತ್ತಿಲ್ಲ, ಪೇಪರು ತಿದ್ದುವ ಅಳತೆ ಎಲ್ಲರಿಗೂ ಒಂದೇ. ಜೊತೆಯ ಮಕ್ಕಳಿಗೆ ಇದನ್ನು ಹೇಳುವ ಕೆಲಸ ನಿಮ್ಮ ಮಗಳ ತಲೆಗೆ ಕಟ್ಟಬೇಡಿ. ಕ್ಲಾಸಿನ ಟ್ಯೂಟರು ಅವಳ ಹೆಸರೆತ್ತದೆ, ಪರೀಕ್ಷೆಯ ನಿಯಮ ಹೇಳುವ ದಿನವೇ ಇದನ್ನೂ ಒಂದು ನಿಯಮವಾಗಿ ಹೇಳಿಬಿಟ್ಟರೆ ಮುಗಿಯಿತು. ಹಾಗೆ ಹೇಳಿದ ಕ್ಲಾಸುಗಳಲ್ಲಿ ಗುಸುಗುಸು ತಾನಾಗಿ ಕಡಿಮೆಯಾಗುವುದನ್ನು ಕಂಡಿದ್ದೇನೆ.

ಸ್ಕ್ರೈಬ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಕಾಸರಗೋಡಿನಲ್ಲಿ ಇದರ ಕಷ್ಟವೇ ಬೇರೆ. ಇಲ್ಲಿ ಕನ್ನಡ ಮಾತಾಡುವ ಮಕ್ಕಳು ಸಿಗುತ್ತಾರೆ, ಕನ್ನಡ ಬರೆಯುವ ಮಕ್ಕಳು ಸಿಗುವುದು ಕಷ್ಟ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಠಿಯೋ ಮಾತಾಡುತ್ತಾ ಶಾಲೆಯಲ್ಲಿ ಮಲಯಾಳವೋ ಇಂಗ್ಲಿಷೋ ಕಲಿತ ಹುಡುಗನಿಗೆ ‘ಷಟ್ಪದಿ’ ಅಂತ ಹೇಳಿ ಬರೆಸಿ ನೋಡಿ. ಒತ್ತಕ್ಷರ ತಪ್ಪಿದರೆ ಕನ್ನಡ ಸಾಹಿತ್ಯದ ಪೇಪರಿನಲ್ಲಿ ಅಂಕ ಹೋಗುವುದು ನಿಮ್ಮ ಮಗಳದ್ದು. ಅದೇ 2018ರ ಮಾರ್ಗಸೂಚಿಯಲ್ಲಿ ನಿಮಗೆ ಬಹಳ ಉಪಯೋಗ ಆಗುವ ಒಂದು ಮಾತಿದೆ: ಬೇರೆ ಬೇರೆ ಪೇಪರಿಗೆ, ಅದರಲ್ಲೂ ಭಾಷಾ ಪೇಪರುಗಳಿಗೆ, ಬೇರೆ ಬೇರೆ ಸ್ಕ್ರೈಬ್ ಇಟ್ಟುಕೊಳ್ಳಬಹುದು. ಕನ್ನಡಕ್ಕೆ ಒಬ್ಬರು, ಇಂಗ್ಲಿಷಿಗೆ ಇನ್ನೊಬ್ಬರು. ಒಂದು ವಿಷಯಕ್ಕೆ ಒಬ್ಬರೇ, ಅಷ್ಟೇ. ಸ್ಕ್ರೈಬನ್ನು ತಾನೇ ಕರೆತರುತ್ತೇನೆ ಅನ್ನಬಹುದು, ಪರೀಕ್ಷೆ ನಡೆಸುವವರೇ ಕೊಡಿ ಅಂತಲೂ ಕೇಳಬಹುದು. ತಾನೇ ಕರೆತಂದರೆ ಆ ವ್ಯಕ್ತಿಯ ಓದು ಒಂದು ಮೆಟ್ಟಿಲು ಕೆಳಗಿರಬೇಕು ಅಂತ 2018ರ ಮಾರ್ಗಸೂಚಿ ಹೇಳಿತ್ತು, ಈಗಿನ ನಿಯಮ ಏನು ಅಂತ ಕಾಲೇಜಿನಲ್ಲಿ ಕೇಳಿಕೊಳ್ಳಿ. ಅಂದರೆ ಪದವಿ ವಿದ್ಯಾರ್ಥಿನಿಗೆ ಪ್ಲಸ್ ಟು ಮಟ್ಟದವರು. ನಿಮ್ಮ ಊರಿನ ಕನ್ನಡ ಮಾಧ್ಯಮ ಶಾಲೆಗಳ ಟೀಚರುಗಳನ್ನು ಕೇಳಿದರೆ ಅಕ್ಷರ ಚೆನ್ನಾಗಿರುವ ಹುಡುಗಿಯರ ಹೆಸರು ಸಿಕ್ಕೇ ಸಿಗುತ್ತದೆ. ಪರೀಕ್ಷೆಗೆ ಎರಡು ದಿನ ಮೊದಲೇ ಸ್ಕ್ರೈಬನ್ನು ನೋಡಿ ಪರೀಕ್ಷಿಸಲು ಅವಕಾಶವಿದೆ. ನನ್ನ ಸಲಹೆ, ಎರಡು ದಿನ ಸಾಲದು. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಗಡಿಯಾರ ನೋಡಿ ಕೆಲವು ಸಲ ಇಬ್ಬರೂ ಕೂತು ಅಭ್ಯಾಸ ಮಾಡಲಿ. ಉತ್ತರ ಹೇಳಿ ಬರೆಸುವುದು ಬರೆಯುವುದಕ್ಕಿಂತ ಬೇರೆಯೇ ವಿದ್ಯೆ. ವಾಕ್ಯ ಎಲ್ಲಿ ಮುಗಿಸಬೇಕು, ಪದ್ಯದ ಸಾಲು ಎಲ್ಲಿ ಮುರಿಯಬೇಕು, ‘ಹೊಸ ಪ್ಯಾರಾ’ ಅಂತ ಯಾವಾಗ ಹೇಳಬೇಕು, ಎಲ್ಲ ಬಾಯಿಗೆ ಬರಬೇಕು.

ಒಂದು ಎಚ್ಚರ. ಸರ್ಟಿಫಿಕೇಟಿನಲ್ಲಿ ಅಂಧತ್ವ ಅಂತ ಇರುವವರು ಕೇಳಿದರೆ ಸಾಕು, ಸ್ಕ್ರೈಬ್ ಸಿಗುತ್ತದೆ. ಮಂದದೃಷ್ಟಿಯವರಿಗೆ ‘ಬರೆಯಲು ತೊಂದರೆ ಇದೆ, ಸ್ಕ್ರೈಬ್ ಬೇಕು’ ಅಂತ ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ ಅಥವಾ ಸೂಪರಿಂಟೆಂಡೆಂಟ್ ಕೊಟ್ಟ ಬೇರೆ ಪತ್ರ ಕೇಳಬಹುದು. ಶೇ 40ರ ಸರ್ಟಿಫಿಕೇಟ್ ತೋರಿಸಿದ ಮೇಲೂ ಕೊನೇ ಗಳಿಗೆಯಲ್ಲಿ ಈ ಪತ್ರ ಇಲ್ಲ ಅಂತ ವಾಪಸ್ ಕಳಿಸಿದ್ದನ್ನು ನೋಡಿದ್ದೇನೆ. ಈಗಲೇ ಮಾಡಿಸಿಡಿ. ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಇಲ್ಲದಿದ್ದರೆ ಅಕ್ಷಯ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿಸಿ, ಅದು ದೇಶದ ಎಲ್ಲ ಕಡೆ ನಡೆಯುತ್ತದೆ. ಕಾಯಿಲೆ ಮುಂದುವರಿಯುವಂಥದ್ದು, ಆದ್ದರಿಂದ ನೋಟದ ಹರವನ್ನು ಅಳೆಯುವ ಪರೀಕ್ಷೆಯ ವರದಿಯನ್ನು ಪ್ರತಿ ಸಲವೂ ಜೋಪಾನವಾಗಿಡಿ.

ಹಾಗಂತ ಸ್ಕ್ರೈಬೇ ಬೇಕು ಅಂತ ಹಟ ಹಿಡಿಯಬೇಡಿ. ಹಗಲು ಓದಿ ಬರೆಯಬಲ್ಲ ಹುಡುಗಿ ಅವಳು. ಒಳ್ಳೆಯ ಬೆಳಕಿನಲ್ಲಿ, ಹೆಚ್ಚಿನ ಸಮಯದಲ್ಲಿ ತಾನೇ ಬರೆದರೆ ಯೋಚನೆ ತಡೆಯಿಲ್ಲದೆ ಹರಿಯಬಹುದು. ಕಣ್ಣು ಸೋಲುವ ಅಪಾಯ ಇದೆ, ಅದರಲ್ಲೂ ಜೂನ್ ಜುಲೈಯಲ್ಲಿ ಮೋಡ ಕವಿದು ಕರೆಂಟು ಹೋದ ಮಧ್ಯಾಹ್ನಗಳಲ್ಲಿ. ಸ್ಕ್ರೈಬ್ ಇದ್ದರೆ ಕಣ್ಣಿಗೆ ಆರಾಮ, ಆದರೆ ಕೈ ಇನ್ನೊಬ್ಬರದ್ದು. ಕಂಪ್ಯೂಟರಿನಲ್ಲಿ ಬರೆಯುವ ಆಯ್ಕೆಯೂ ಮಾರ್ಗಸೂಚಿಯಲ್ಲಿದೆ, ಅದಕ್ಕೆ ಕನ್ನಡ ಟೈಪಿಂಗ್ ಸಲೀಸಾಗಿ ಬರಬೇಕು. ಮೊದಲ ಸೆಮಿಸ್ಟರಿನ ಒಂದು ಇಂಟರ್ನಲ್ ತಾನೇ ಬರೆಯಲಿ, ಇನ್ನೊಂದನ್ನು ಸ್ಕ್ರೈಬ್ ಜೊತೆ. ಯಾವುದು ಒಗ್ಗಿತು ಅಂತ ಅವಳೇ ಹೇಳುತ್ತಾಳೆ.

ಅದೇ 17ನೇ ಸೆಕ್ಷನ್‌ನಲ್ಲಿ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡಬಹುದು ಅಂತಲೂ ಇದೆ. ಯಾರಾದರೂ ‘ಬಿಟ್ಟುಬಿಡಿ, ಸುಲಭ ಆಗ್ತದೆ’ ಅಂದರೆ ಒಂದು ಕ್ಷಣ ನಿಲ್ಲಿ. ಮುಂದೆ ಟೀಚರ್ ಕೆಲಸಕ್ಕೋ ಎಂ.ಎ.ಗೋ ಹೋಗುವಾಗ ಆ ಭಾಷೆ ಬೇಕಾಗಬಹುದು. ಕೇರಳದಲ್ಲಿ ಬದುಕುವ ಕನ್ನಡದ ಹುಡುಗಿಗೆ ಇಂಗ್ಲಿಷೂ ಬೇಕು, ಮಲಯಾಳವೂ ಬೇಕು. ಓದಲು ಕಷ್ಟ ಆಗುತ್ತಿರುವುದು ಭಾಷೆಯೋ, ಹಾಳೆಯೋ ಅಂತ ಮೊದಲು ನೋಡಿ.

ಹಾಳೆಯ ಮಾತು ಬಂತಲ್ಲ, ನನಗೆ ಎಲ್ಲಕ್ಕಿಂತ ಬೇಸರ ತರುವ ವಿಷಯ ಇದು. ಕಾಲೇಜಿನವರನ್ನು ಕೇಳಿದರೆ ‘ರ‍್ಯಾಂಪ್ ಹಾಕಿದ್ದೇವೆ’ ಅನ್ನುತ್ತಾರೆ. ರ‍್ಯಾಂಪ್ ಬೇಕೇ ಬೇಕು, ಸರಿಯಾಗಿಯೂ ಇರಬೇಕು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಅನ್ನುವ ಲೆಕ್ಕದಲ್ಲಿ, ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲಿಗೆ ಐದೂವರೆ ಮೀಟರ್ ಹತ್ತಿರ ಬೇಕು. ಹಲವು ಕಡೆ ಎರಡೇ ಮೀಟರಿನಲ್ಲಿ ಕಾಂಕ್ರೀಟ್ ಸುರಿದು ಜಾರುಬಂಡಿ ಮಾಡಿದ್ದಾರೆ. ಆದರೆ ನಿಮ್ಮ ಮಗಳಿಗೆ ರ‍್ಯಾಂಪಿನಿಂದ ಆಗುವ ಉಪಯೋಗ ಕಡಿಮೆ. ಅವಳಿಗೆ ಬೇಕಾದ ದಾರಿ ವಾಟ್ಸಾಪಿನಲ್ಲಿದೆ. ಗಮನಿಸಿ, ಕಾಲೇಜಿನ ಸೂಚನೆಗಳು ಹೇಗೆ ಬರುತ್ತವೆ? ಮಲಯಾಳದಲ್ಲಿ ಅಚ್ಚಾದ ನೋಟಿಸಿನ ಓರೆಯಾದ ಫೋಟೋ. ಉಳಿದ ಕನ್ನಡದ ಮಕ್ಕಳು ಗೆಳತಿಯನ್ನು ಕೇಳಿಯೋ, ಹಿಗ್ಗಿಸಿ ನೋಡಿಯೋ ದಾಟಿಕೊಳ್ಳುತ್ತಾರೆ. ಫೋಟೋದಲ್ಲಿರುವ ಅಕ್ಷರವನ್ನು ಓದಿ ಹೇಳುವ ಸಾಫ್ಟ್‌ವೇರ್ ಸುಲಭಕ್ಕೆ ಹಿಡಿಯುವುದಿಲ್ಲ. ಅದೇ ನೋಟಿಸನ್ನು ಟೈಪ್ ಮಾಡಿ ಹಾಕಿದರೆ ಫೋನೇ ಓದಿ ಹೇಳುತ್ತದೆ. ಖರ್ಚು ಸೊನ್ನೆ. ಅದರ ಕೆಳಗೆ ಕನ್ನಡದಲ್ಲಿ ಎರಡು ಸಾಲು ಸೇರಿಸಿದರೆ ಮಹಡಿಯ ಮೇಲಿನ ಎಲ್ಲ ಕನ್ನಡದ ಮಕ್ಕಳಿಗೂ ಉಪಕಾರ.

ನೋಟ್ಸಿನ ಕಥೆಯೂ ಇದೇ. ಕನ್ನಡ ಮೇಷ್ಟ್ರುಗಳ ಹತ್ತಿರ ಇರುವ ಎಷ್ಟೋ ನೋಟ್ಸು ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಆದವು. ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತವೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಚಿಹ್ನೆಗಳ ಗೊಂದಲ. ಸಾಫ್ಟ್‌ವೇರ್ ಅದನ್ನು ಓದಿದರೆ ಒಂದು ಪದವೂ ಅರ್ಥ ಆಗುವುದಿಲ್ಲ. ಯೂನಿಕೋಡಿಗೆ ಬದಲಾಯಿಸಿ ಕೊಡಿ ಅಂತ ಕೇಳಿ, ಬದಲಾಯಿಸುವ ಉಚಿತ ಸಾಧನಗಳಿವೆ. ಪರದೆಯ ಮೇಲಿನ ಅಕ್ಷರ ಓದಿ ಹೇಳುವ ಸಾಫ್ಟ್‌ವೇರ್‌ಗಳಿವೆ, ಮಗಳು ಫೋನಿನಲ್ಲಿ ಟಾಕ್‌ಬ್ಯಾಕ್ ಕಲಿಯಲಿ, ಕಂಪ್ಯೂಟರಿನಲ್ಲಿ ಎನ್‌ವಿಡಿಎ. ಎನ್‌ವಿಡಿಎ ಪೂರ್ತಿ ಉಚಿತ, 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಶುರು ಮಾಡಿದ್ದು, ಕನ್ನಡವನ್ನೂ ಓದುತ್ತದೆ. ಕಣ್ಣು ಕಾಣುವಾಗ ಇದೆಲ್ಲ ಯಾಕೆ ಅಂತ ನಿಮಗೆ ಅನ್ನಿಸಬಹುದು, ಅವಳಿಗೂ ಅನ್ನಿಸೀತು, ಅದನ್ನು ಕಲಿತರೆ ಕುರುಡಿ ಅಂತ ಒಪ್ಪಿಕೊಂಡ ಹಾಗೆ ಅನ್ನುವ ನೋವೂ ಇರುತ್ತದೆ. ಆದರೂ ಈಗಲೇ ಕಲಿಯಬೇಕು. ಕಾಣುವಾಗ ಕಲಿಯುವುದು ಸುಲಭ, ಕಣ್ಣಿಗೂ ವಿಶ್ರಾಂತಿ. ಅಚ್ಚಾದ ಪುಸ್ತಕ ಓದಲಾಗದವರಿಗಾಗಿ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಇದೆ, ಅಲ್ಲಿ ಸದಸ್ಯಳಾಗಲಿ. ಪಠ್ಯಪುಸ್ತಕ ಸ್ಕ್ಯಾನ್ ಮಾಡಲು ಲೈಬ್ರರಿಯವರು ಕಾಪಿರೈಟ್ ಅಂತ ಹೆದರಿದರೆ, ಓದಲಾಗದವರಿಗೆ ಬೇಕಾದ ರೂಪದಲ್ಲಿ ಪ್ರತಿ ಮಾಡಿಕೊಡಲು 2012ರ ತಿದ್ದುಪಡಿಯಲ್ಲೇ ಅವಕಾಶ ಇದೆ ಅಂತ ಹೇಳಿ.

ಹಳಗನ್ನಡ ಸ್ವಲ್ಪ ಕಾಡುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಅಚ್ಚಿನ ಒತ್ತಕ್ಷರ, ಱ, ೞ ಇವನ್ನು ಯಂತ್ರ ತಪ್ಪಾಗಿ ಓದುತ್ತದೆ. ಇಲ್ಲಿ ಮನುಷ್ಯರ ಧ್ವನಿಯೇ ಬೇಕು. ಗಮಕ ಬಲ್ಲ ಒಬ್ಬ ಸಹಪಾಠಿಯೋ ಮೇಷ್ಟ್ರೋ ಪಠ್ಯಭಾಗವನ್ನು ಓದಿ ರೆಕಾರ್ಡ್ ಮಾಡಿ ಕೊಟ್ಟರೆ ಪದ್ಯ ಕಿವಿಯಿಂದಲೇ ಮನಸ್ಸಿಗೆ ಇಳಿಯುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ನಮ್ಮದು. ಇಡೀ ರಾತ್ರಿ ತಾಳಮದ್ದಳೆ ಕೇಳಿ ಪ್ರಸಂಗ ಬಾಯಿಪಾಠ ಮಾಡಿಕೊಂಡವರು ಈಗಲೂ ಇದ್ದಾರೆ. ಅವಳ ನೆಪದಲ್ಲಿ ಮಾಡಿದ ರೆಕಾರ್ಡನ್ನು ಇಡೀ ಕ್ಲಾಸು ಕೇಳುತ್ತದೆ, ನೋಡಿ ಬೇಕಾದರೆ. ಬ್ರೈಲ್ ಈಗಲೇ ಬೇಕು ಅಂತ ನಾನು ಹೇಳುವುದಿಲ್ಲ. ಮುಂದೆ ಯಾವಾಗಲಾದರೂ ಕಲಿತರೆ ನಿಮಗೆ ಸಂತೋಷ ಆಗುವ ಒಂದು ಸಂಗತಿ ಇದೆ: ಭಾರತಿ ಬ್ರೈಲ್‌ನಲ್ಲಿ ಕನ್ನಡದ ‘ಕ’ಗೂ ಮಲಯಾಳದ ‘ಕ’ಗೂ ಚುಕ್ಕೆ ಒಂದೇ.

ಕ್ಲಾಸು ಮಹಡಿಯ ಮೇಲೆ ಅಂದಿರಿ. ಕೆಳಗಿಳಿಸಿ ಅಂತ ಕೇಳಬಹುದು, ಕೇಳಿ. ಆಗದಿದ್ದರೆ ಕಡೇಪಕ್ಷ ಇಷ್ಟು ಆಗಲಿ: ಪ್ರತಿ ಮೆಟ್ಟಿಲಿನ ಅಂಚಿಗೆ ಅಗಲವಾದ ಹಳದಿ ಪಟ್ಟಿ, ಎರಡೂ ಕಡೆ ಹಿಡಿಕೆ, ಮೆಟ್ಟಿಲಿನ ಮೇಲೆ ಹಗಲೂ ಉರಿಯುವ ದೀಪ, ಮಳೆಗಾಲದಲ್ಲಿ ಮುರಕಲ್ಲಿನ ಮೇಲಿನ ಪಾಚಿ ಕೆರೆಯುವುದು, ವರಾಂಡದಲ್ಲಿ ಬೈಕು ಬಕೆಟು ಇಡದಿರುವುದು. ಒಂದು ಡಬ್ಬಿ ಬಣ್ಣದ ಕೆಲಸ. ಬಿಸಿಲಿನಿಂದ ಒಳಗೆ ಬಂದಾಗ ಅವಳ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು, ಬಾಗಿಲಲ್ಲಿ ನಿಂತರೆ ‘ಬೇಗ ಬಾ’ ಅಂತ ಗದರಬಾರದು. ಕಟ್ಟಡ, ವೆಬ್‌ಸೈಟು, ಪಾಠದ ಸಾಮಗ್ರಿ ಎಲ್ಲವೂ ಎಲ್ಲರಿಗೂ ಸಿಗುವಂತಿರಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಇಂಥ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾದ ಮಾನದಂಡ ಬೇಕು ಅಂತ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು.

ಈಗ ಪ್ರಿನ್ಸಿಪಾಲರ ‘ಸಹಕಾರ’ಕ್ಕೆ ಬರೋಣ. ಅವರ ಒಳ್ಳೆಯತನದ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಕೇರಳದ ಸರ್ಕಾರಿ ಕಾಲೇಜುಗಳಲ್ಲಿ ವರ್ಗಾವಣೆ ಅಂದರೆ ಏನು ಅಂತ ನಿಮಗೆ ಗೊತ್ತು. ತೆಂಕಣ ಜಿಲ್ಲೆಗಳಿಂದ ಬಂದವರು ಊರಿನ ಕಡೆ ಜಾಗ ಖಾಲಿಯಾದ ಕೂಡಲೇ ಹೋಗುತ್ತಾರೆ, ಅದು ಅವರ ತಪ್ಪಲ್ಲ. ಅವರು ಹೋದ ಮರುದಿನ ಬಂದವರಿಗೆ ನಿಮ್ಮ ಮಗಳು ಯಾರು ಅಂತ ಗೊತ್ತಿರುವುದಿಲ್ಲ. ಮತ್ತೆ ಮೊದಲಿನಿಂದ ಕೈಮುಗಿದು ಹೇಳಬೇಕು. ಹಾಗಾಗಿ ನನ್ನ ಮುಖ್ಯ ಮಾತು ಇದು: ಬಾಯಿಮಾತಿನಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ, ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿ. ಎಲ್ಲ ಇಂಟರ್ನಲ್‌ಗೂ ಗಂಟೆಗೆ 20 ನಿಮಿಷ ಹೆಚ್ಚು. ಪರೀಕ್ಷೆ ನೆಲಮಹಡಿಯಲ್ಲಿ. ನೋಟ್ಸು ಯೂನಿಕೋಡಿನಲ್ಲಿ. ನೋಟಿಸು ಟೈಪ್ ಮಾಡಿ. ಸ್ಕ್ರೈಬ್ ಹುಡುಕುವ ಹೊಣೆ ಯಾರದ್ದು, ಆ ಟೀಚರಿನ ಹೆಸರು. ಸಂಜೆ ಪ್ರೋಗ್ರಾಂ ತಡವಾದರೆ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಯಾರು. ಇಷ್ಟನ್ನು ಬರೆದ ಹಾಳೆ ಎಲ್ಲ ಟೀಚರುಗಳಿಗೂ ಒಂದೊಂದು ಪ್ರತಿ ಹೋಗಲಿ. ಕಾಯ್ದೆಯ 16ನೇ ಸೆಕ್ಷನ್ ಹೇಳುವ ಅನುಕೂಲಗಳೇ ಇವು. ಸರ್ಕಾರದ ಹಣ ಪಡೆಯುವ ಕಾಲೇಜಿಗೂ, ಬರೀ ಮಾನ್ಯತೆ ಪಡೆದ ಸ್ವಾಶ್ರಯ ಕಾಲೇಜಿಗೂ ಅದು ಅನ್ವಯ.

ಇದಕ್ಕೆ ‘ದೂರು’ ಅಂತ ಹೆಸರಿಡಬೇಡಿ. ಇದು ಅರ್ಜಿ. ‘ನನಗೆ ಈ ತೊಂದರೆ ಇದೆ, ಈ ಅನುಕೂಲ ಬೇಕು’ ಅಂತ ಮಗಳೇ ಬರೆದು, ಸರ್ಟಿಫಿಕೇಟ್ ಪ್ರತಿ ಸೇರಿಸಿ, ಆಫೀಸಿನಲ್ಲಿ ಕೊಟ್ಟು ಸ್ವೀಕೃತಿ ಸಹಿ ಪಡೆಯಲಿ. ಇಂಟರ್ನಲ್ ಮಾರ್ಕಿನ ಭಯಕ್ಕೆ ಇದೇ ಮದ್ದು ಕೂಡ. ಬಾಯಲ್ಲಿ ಜಗಳ ಆಡಿದವರ ಮಾರ್ಕು ಕಡಿಮೆಯಾದರೆ ತೋರಿಸಲು ಏನೂ ಇರುವುದಿಲ್ಲ, ತಾರೀಕು ಹಾಕಿದ ಅರ್ಜಿ ಇದ್ದವರಿಗೆ ಕೈಯಲ್ಲಿ ಕಾಗದ ಇರುತ್ತದೆ. ಅಪಾಯ ಪೂರ್ತಿ ಇಲ್ಲ ಅಂತ ನಾನು ಹೇಳಲಾರೆ. ಒಬ್ಬಿಬ್ಬರು ಮುಖ ಗಂಟಿಕ್ಕಿಯಾರು, ‘ಕಾನೂನು ಮಾತಾಡ್ತಾರೆ’ ಅಂದಾರು. ಇಂಟರ್ನಲ್ ಪೇಪರುಗಳನ್ನು ಎಸೆಯದೆ ಇಟ್ಟುಕೊಳ್ಳಲಿ.

ಉತ್ತರ ಬಾರದಿದ್ದರೆ ಮುಂದಿನ ಮೆಟ್ಟಿಲು ಕಾಲೇಜಿನ ಸಮಾನ ಅವಕಾಶ ಘಟಕ. ಯುಜಿಸಿಯ 2012ರ ನಿಯಮದ ಪ್ರಕಾರ ಅದು ಇರಬೇಕು, ತಾರತಮ್ಯದ ದೂರು ನೋಡುವ ಒಬ್ಬರೂ ಇರಬೇಕು. ಎಷ್ಟೋ ಕಡೆ ಹೆಸರು ಬೋರ್ಡಿನಲ್ಲಿ ಮಾತ್ರ ಇರುತ್ತದೆ, ಆದರೂ ಅವರಿಗೊಂದು ಪ್ರತಿ ಕೊಡಿ. ಆಮೇಲೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ. ಅಲ್ಲೂ ಆಗದಿದ್ದರೆ ತಿರುವನಂತಪುರದಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಅವರು ಶಿಫಾರಸು ಮಾಡಿದರೆ ಕಾಲೇಜು ಏನು ಕ್ರಮ ತೆಗೆದುಕೊಂಡೆವು ಅಂತ ಮೂರು ತಿಂಗಳೊಳಗೆ ತಿಳಿಸಬೇಕು. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ ದಂಡ ಇದೆ. ಇದನ್ನು ಮೊದಲ ದಿನವೇ ಬೀಸಬೇಡಿ, ಗೊತ್ತಿರಲಿ ಅಂತ ಹೇಳಿದೆ. ಇದೆಲ್ಲ ಕನ್ನಡದಲ್ಲೇ ಬರೆಯಬಹುದು. ಯಾವುದೇ ಕುಂದುಕೊರತೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಹೇಳಿಕೊಳ್ಳುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಕೆಲಸ ಬೇಗ ಆಗಲಿ ಅಂತಿದ್ದರೆ ಜೊತೆಗೊಂದು ಇಂಗ್ಲಿಷ್ ಪ್ರತಿ ಇಡಿ, ಓದಲು ಬರಲಿಲ್ಲ ಅನ್ನುವ ನೆಪ ತಪ್ಪುತ್ತದೆ.

ಮಂಗಳೂರು? ಕನ್ನಡದ ವಾತಾವರಣ ಇದೆ, ಕನ್ನಡ ಬರೆಯುವ ಸ್ಕ್ರೈಬ್ ಸುಲಭವಾಗಿ ಸಿಗುತ್ತಾರೆ, ನಿಜ. ಆದರೆ ದಿನಾ ಹೋಗಿ ಬರುವುದಾದರೆ ಅವಳು ಕುಂಬಳೆಯಲ್ಲೋ ಕಾಸರಗೋಡಿನಲ್ಲೋ ರೈಲಿಳಿಯುವ ಹೊತ್ತಿಗೆ ಮಬ್ಬುಗತ್ತಲೆ. ಈ ಕಾಯಿಲೆಯವರಿಗೆ ಅದಕ್ಕಿಂತ ಕೆಟ್ಟ ಹೊತ್ತಿಲ್ಲ. ಹಾಸ್ಟೆಲಿನಲ್ಲಿ ಇರುವುದಾದರೆ ಯೋಚಿಸಬಹುದು. ಕಾಯ್ದೆ ಕೇಂದ್ರದ್ದು, ಅಲ್ಲೂ ಹಕ್ಕು ಇದೇ. ಸ್ಕಾಲರ್‌ಶಿಪ್, ಬಸ್ ಪಾಸಿನಂಥವು ಮಾತ್ರ ರಾಜ್ಯ ಬದಲಾದರೆ ಬದಲಾಗುತ್ತವೆ. ಕರ್ನಾಟಕದ ಪೇಪರಿನಲ್ಲಿ ಓದಿದ ಯೋಜನೆ ನಿಮಗೆ ಸಿಗುತ್ತದೆ ಅಂದುಕೊಳ್ಳಬೇಡಿ, ಕೇಳಿಯೇ ಹೆಜ್ಜೆ ಇಡಿ. ದೂರಶಿಕ್ಷಣ ನನಗೆ ಮನಸ್ಸಿಲ್ಲ, ನೇರವಾಗಿ ಹೇಳಿಬಿಡುತ್ತೇನೆ. ಅವಳೇ ಬಯಸಿ ಆರಿಸಿಕೊಂಡರೆ ಸರಿ. ಕಾಲೇಜಿಗೆ ತೊಂದರೆ ತಪ್ಪಲಿ ಅಂತ ಅವಳನ್ನು ಮನೆಯಲ್ಲಿ ಕೂರಿಸುವುದಾದರೆ ಬೇಡ. 18ರ ವಯಸ್ಸಿನಲ್ಲಿ ಸಿಗುವ ಗೆಳತಿಯರು, ಒಬ್ಬಳೇ ಬಸ್ಸು ಹತ್ತುವ ಧೈರ್ಯ, ವೇದಿಕೆ ಮೇಲೆ ಪದ್ಯ ಓದುವ ಅವಕಾಶ ಅಂಚೆಯಲ್ಲಿ ಬರುವುದಿಲ್ಲ.

ಈ ವಾರದ ಕೆಲಸ ಇಷ್ಟು. ಆಸ್ಪತ್ರೆಯಿಂದ ಬರವಣಿಗೆಯ ತೊಂದರೆಯ ಪತ್ರ. ಮಗಳ ಸಹಿಯ ಅರ್ಜಿ, ಸ್ವೀಕೃತಿಯೊಂದಿಗೆ. ವಿಶ್ವವಿದ್ಯಾಲಯದ ಪರೀಕ್ಷೆಗೆ ಸ್ಕ್ರೈಬ್ ಮತ್ತು ಹೆಚ್ಚಿನ ಸಮಯ ಕೇಳಲು ಪ್ರತಿ ಸೆಮಿಸ್ಟರಿಗೂ ಕೊನೆಯ ತಾರೀಕು ಇರುತ್ತದೆ, ಅದು ಯಾವಾಗ, ಯಾವ ಫಾರಂ ಅಂತ ಕಾಲೇಜು ಆಫೀಸಿನಲ್ಲಿ ಕೇಳಿ ಬರೆದುಕೊಳ್ಳಿ. ಅರ್ಜಿ ಕೊಡಲು ನೀವು ಜೊತೆಗೆ ಹೋಗಿ, ಆದರೆ ಒಳಗೆ ಮಾತಾಡುವುದು ಅವಳಾಗಿರಲಿ.